ಮಗಳಿಗೆ ಕದ್ದು ಮಾತ್ರೆ ಕೊಡುತ್ತಿರುವ ತಾಯಿಗೆ

ಪ್ರಶ್ನೆ: ನಾನು ಮಂಡ್ಯದವಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಯಜಮಾನರು ಟೆಂಪೋ ಓಡಿಸುತ್ತಾರೆ. ಮೊದಲು ತುಂಬಾ ಕುಡಿಯುತ್ತಿದ್ದರು. ಐದು ವರ್ಷದ ಹಿಂದೆ ಪಕ್ಕದ ಮನೆಯವರು ಪ್ರಾರ್ಥನೆಗೆ ಕರೆದುಕೊಂಡು ಹೋದರು, ಅಲ್ಲಿಂದ ಕುಡಿತ ನಿಂತಿತು. ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡೆವು. ಸಭೆಯವರು ನಮ್ಮ ಕಷ್ಟಕ್ಕೆಲ್ಲ ಆಗಿದ್ದಾರೆ. ನನ್ನ ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಫಿಟ್ಸ್ ಬರುತ್ತೆ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ. ಇದು ದುರಾತ್ಮದ ಕಾಟ, ಮಾತ್ರೆ ನಂಬಿದರೆ ದೇವರನ್ನು ನಂಬಿದ ಹಾಗಾಗಲ್ಲ ಅನ್ನುತ್ತಾರೆ ನಮ್ಮ ಪಾಸ್ಟರ್. ಒಮ್ಮೆ ಮಾತ್ರೆ ಬಿಡಿಸಿ, ವಾಸಿಯಾಯಿತು ಅಂತ ಸಭೆಯ ಮುಂದೆ ಸಾಕ್ಷಿಯನ್ನೂ ಹೇಳಿಸಿದರು. ನಾಲ್ಕನೇ ದಿನ ರಾತ್ರಿ ಜೋರಾಗಿ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ನಿಮ್ಮ ನಂಬಿಕೆ ಸಾಲದು ಅಂದರು. ಈಗ ಯಜಮಾನರಿಗೂ ಗೊತ್ತಾಗದ ಹಾಗೆ ಮಾತ್ರೆ ಕೊಡುತ್ತಿದ್ದೇನೆ. ಇಬ್ಬರ ದುಡಿಮೆಯಲ್ಲೂ ಹತ್ತರಲ್ಲೊಂದು ಪಾಲು ದಶಮಾಂಶ ಅಂತ ಸಭೆಗೆ ಕೊಡುತ್ತೇವೆ, ಅಮ್ಮನಿಗೆ ಕಳಿಸುತ್ತಿದ್ದ ದುಡ್ಡು ನಿಂತುಹೋಗಿದೆ. ಹೂವು, ಬಳೆ, ಓಲೆ ಬಿಟ್ಟಿದ್ದೇನೆ. ಅಪ್ಪನಿಗೆ ಎಡೆ ಇಡುವ ದಿನ ಊರಿಗೆ ಹೋದರೂ ಊಟ ಮಾಡದೆ ಬರುತ್ತೇನೆ, ಅಮ್ಮ ಅಳುತ್ತಾರೆ. ಯೇಸುವಿನ ಎರಡನೇ ಬರೋಣ ಹತ್ತಿರ ಇದೆ, ಸಂಶಯ ಪಡುವವರು ಇಲ್ಲೇ ಉಳಿದುಬಿಡುತ್ತಾರೆ ಅಂತ ಕೇಳಿ ರಾತ್ರಿ ನಿದ್ದೆ ಬರಲ್ಲ. ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿದ ಸೇವಕರನ್ನು, ಪ್ರಶ್ನೆ ಮಾಡಿದರೆ ಶಾಪ ತಟ್ಟುತ್ತೆ ಅನ್ನುತ್ತಾರೆ. ಯೇಸುವನ್ನು ಬಿಡೋಕೆ ನನಗೆ ಇಷ್ಟ ಇಲ್ಲ. ಹೀಗೆಲ್ಲ ಕೇಳೋದೇ ಪಾಪವಾ?
— ಹೆಸರು ಬೇಡ, ಮಂಡ್ಯ

ಉತ್ತರ: ತಂಗಿ, ನಿಮ್ಮ ಕಾಗದದಲ್ಲಿ ಮಗಳ ಕಾಯಿಲೆ ಇದೆ, ಅಮ್ಮನ ಕಣ್ಣೀರಿದೆ, ದುಡ್ಡಿನ ಚಿಂತೆ ಇದೆ, ನರಕದ ಭಯ ಇದೆ. ಇವೆಲ್ಲವನ್ನೂ ಹಿಡಿದು ಕಟ್ಟಿರುವುದು ಒಂದೇ ಮಾತು: ಸಭೆಯಲ್ಲಿ ಹೇಳಿದ್ದನ್ನು ಪ್ರಶ್ನೆ ಮಾಡಿದರೆ ಯೇಸುವನ್ನೇ ಬಿಟ್ಟ ಹಾಗೆ. ಆ ಮಾತು ಸುಳ್ಳು. ನಿಮಗೆ ಭಾರವಾಗಿರುವ ಕಟ್ಟಳೆಗಳಲ್ಲಿ ಹೆಚ್ಚಿನವು ಕಳೆದ ನೂರಿನ್ನೂರು ವರ್ಷಗಳಲ್ಲಿ ಎಲ್ಲೋ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು ನಮ್ಮೂರಿಗೆ ಬಂದವು. ಅವನ್ನು ಒಂದೊಂದಾಗಿ ಕೆಳಗಿಟ್ಟರೂ ಯೇಸು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ನಾನು ಮೈಸೂರಿನಲ್ಲಿ ಸಭಾಪಾಲಕಿ. ಬೈಬಲ್ ಕಲಿಸುತ್ತೇನೆ. ಆಸ್ಪತ್ರೆ ವಾರ್ಡ್‌ಗಳಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥನೆ ಮಾಡುವುದೂ ನನ್ನ ಕೆಲಸವೇ. ಅಲ್ಲಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಮಾತ್ರೆಯ ವಿಷಯ. ಉಳಿದದ್ದಕ್ಕೆಲ್ಲ ಸಮಯ ಇದೆ, ಇದಕ್ಕಿಲ್ಲ.

ಮಾತ್ರೆ ನಿಲ್ಲಿಸಬೇಡಿ. ಯಾರು ಹೇಳಿದರೂ ನಿಲ್ಲಿಸಬೇಡಿ. ಫಿಟ್ಸ್ ಅಂದರೆ ಮಿದುಳಿನ ಕೋಶಗಳಲ್ಲಿ ವಿದ್ಯುತ್ ಚಟುವಟಿಕೆ ಸ್ವಲ್ಪ ಹೊತ್ತು ಹತೋಟಿ ತಪ್ಪುವುದು. ಮಾತ್ರೆ ಆ ಹತೋಟಿಯನ್ನು ಕಾಯುತ್ತದೆ. ಅದನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು, ಒಂದರ ಹಿಂದೆ ಒಂದು ಬಂದು ನಿಲ್ಲದೇ ಹೋಗಬಹುದು, ಜೀವಕ್ಕೇ ಅಪಾಯ ಆಗಬಹುದು. ನಿಮ್ಮ ಮಗಳಿಗೆ ನಾಲ್ಕನೇ ರಾತ್ರಿ ಆಗಿದ್ದು ಅದೇ. ಅದರಲ್ಲಿ ನಿಮ್ಮ ನಂಬಿಕೆಯ ಅಳತೆ ಏನೂ ಇಲ್ಲ. ಸರಿಯಾದ ಚಿಕಿತ್ಸೆ ಸಿಕ್ಕರೆ ಫಿಟ್ಸ್ ಇರುವ 10 ಜನರಲ್ಲಿ ಸುಮಾರು 7 ಜನ ಫಿಟ್ಸ್ ಬಾರದ ಹಾಗೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟೋ ಮಕ್ಕಳಿಗೆ ಎರಡು ವರ್ಷ ಒಂದೂ ಫಿಟ್ಸ್ ಬರದಿದ್ದರೆ ಡಾಕ್ಟರೇ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡುವ ಯೋಚನೆ ಮಾಡುತ್ತಾರೆ. ಆ ತೀರ್ಮಾನ ಅವರದು. ನನ್ನದೂ ಅಲ್ಲ, ನಿಮ್ಮ ಪಾಸ್ಟರದೂ ಅಲ್ಲ.

ಇನ್ನೊಂದು ಸಂಗತಿ ಇದೆ, ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು. ಇಡೀ ರಾತ್ರಿ ಪ್ರಾರ್ಥನೆಗೆ ಮಗುವನ್ನು ಕರೆದುಕೊಂಡು ಹೋಗಬೇಡಿ. ಉಪವಾಸ ಪ್ರಾರ್ಥನೆಯಲ್ಲಿ ಅವಳನ್ನು ಹಸಿದು ಕೂರಿಸಬೇಡಿ. ದುರಾತ್ಮದಿಂದ ಬಿಡುಗಡೆ ಮಾಡಿಸುತ್ತೇವೆ ಅಂತ ಯಾರಾದರೂ ಅವಳನ್ನು ಅದುಮಿ ಹಿಡಿಯಲು ಬಂದರೆ ತಡೆಯಿರಿ. ಫಿಟ್ಸ್ ಬಂದಾಗ ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ನೀವು ಇರುವುದು ನಾಲೆಯ ಸೀಮೆ. ಅವಳು ಒಬ್ಬಳೇ ನೀರಿನ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ, ಸ್ನಾನಕ್ಕೆ ಹೋದಾಗ ಬಚ್ಚಲ ಚಿಲಕ ಹಾಕಿಕೊಳ್ಳುವುದು ಬೇಡ. ಸ್ಕೂಲಿನ ಟೀಚರ್‌ಗೆ ವಿಷಯ ತಿಳಿಸಿ.

ಇನ್ನು ದುರಾತ್ಮದ ಮಾತು. ನಿಮ್ಮ ಪಾಸ್ಟರ್ ಆಧಾರ ಕೊಡುವುದು ಬೈಬಲಿನ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಿಂದ ಇರಬೇಕು. ಒಬ್ಬ ಹುಡುಗ ನೆಲಕ್ಕೆ ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ. ಅವನಲ್ಲಿದ್ದ ಆತ್ಮವನ್ನು ಯೇಸು ಗದರಿಸಿ ಬಿಡಿಸಿದರು ಎಂದು ಮಾರ್ಕ ಬರೆದಿದ್ದಾನೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇದೊಂದನ್ನೇ ಹಿಡಿದು ಫಿಟ್ಸ್ ಇರುವ ಮಕ್ಕಳಿಗೆಲ್ಲ ದೆವ್ವ ಹಿಡಿದಿದೆ ಅನ್ನುವುದಕ್ಕೆ ಬೈಬಲ್ ಒಪ್ಪುವುದಿಲ್ಲ. ಮತ್ತಾಯ 4:24 ತೆಗೆದು ನೋಡಿ. ಯೇಸುವಿನ ಹತ್ತಿರ ಕರೆತಂದವರ ಪಟ್ಟಿ ಅಲ್ಲಿದೆ. ದೆವ್ವ ಹಿಡಿದವರು ಒಂದು ಕಡೆ, ಮೂರ್ಛೆರೋಗದವರು, ಅಂದರೆ ಫಿಟ್ಸ್ ಬರುವವರು, ಇನ್ನೊಂದು ಕಡೆ, ಲಕ್ವ ಹೊಡೆದವರು ಮತ್ತೊಂದು ಕಡೆ. ಸುವಾರ್ತೆ ಬರೆದವನೇ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾನೆ. ನಾವು ಯಾಕೆ ಕಲಸಬೇಕು?

ಮಾರ್ಕನ ಆ ಕಥೆಯಲ್ಲಿ ನೀವು ನೋಡಬೇಕಾದವನು ಹುಡುಗನ ಅಪ್ಪ. ಅವನು ಬರುವುದೇ ಅರ್ಧ ನಂಬಿಕೆಯಲ್ಲಿ. ನಿನ್ನ ಕೈಲಿ ಏನಾದರೂ ಆಗುವುದಾದರೆ ಮಾಡು ಅನ್ನುತ್ತಾನೆ. ನಂಬುವವನಿಗೆ ಎಲ್ಲವೂ ಆಗುತ್ತದೆ ಅಂತ ಯೇಸು ಹೇಳಿದಾಗ ಅವನು ಕೂಗಿಕೊಳ್ಳುತ್ತಾನೆ: ನಂಬುತ್ತೇನೆ, ನನ್ನಲ್ಲಿರುವ ಅಪನಂಬಿಕೆಗೆ ನೀನೇ ಸಹಾಯ ಮಾಡು. ಯೇಸು ಅವನನ್ನು ವಾಪಸ್ ಕಳಿಸಿದರಾ? ಪೂರ್ತಿ ನಂಬಿಕೆ ತುಂಬಿಕೊಂಡು ಬಾ, ಆಮೇಲೆ ನೋಡೋಣ ಅಂದರಾ? ಇಲ್ಲ. ಆ ಅರ್ಧ ನಂಬಿಕೆಯ ಅಪ್ಪನ ಮಗನೇ ಎದ್ದು ನಿಂತ. ಫಿಟ್ಸ್ ಬರುವ ಮಗುವಿನ ತಾಯಿಗೆ ನಿನ್ನ ನಂಬಿಕೆ ಸಾಲದು ಅಂತ ಹೇಳುವವರು, ತಾವು ತೋರಿಸುವ ಅದೇ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು.

ಕೇಳೋದೇ ಪಾಪವಾ ಅಂದಿರಲ್ಲ, ಅದಕ್ಕೂ ಉತ್ತರ ಅಲ್ಲೇ ಇದೆ. ಇನ್ನೂ ಬೇಕಾದರೆ ಮತ್ತಾಯನ ಕೊನೆಯ ಅಧ್ಯಾಯ ನೋಡಿ. ಎದ್ದು ಬಂದ ಯೇಸುವನ್ನು ಕಣ್ಣೆದುರು ಕಂಡು ಅಡ್ಡಬಿದ್ದಾಗಲೂ ಶಿಷ್ಯರಲ್ಲಿ ಕೆಲವರಿಗೆ ಸಂಶಯ ಇತ್ತು. ಅಂಥವರನ್ನೇ ಯೇಸು ಲೋಕಕ್ಕೆಲ್ಲ ಕಳಿಸಿದ್ದು. ಸಂಶಯ ಪಡುವವರಿಗೆ ಕರುಣೆ ತೋರಿಸಿ ಎಂದು ಯೂದನ ಪತ್ರ ಹೇಳುತ್ತದೆ. ಹೆದರಿಸಿ ಅಂತ ಹೇಳಿಲ್ಲ.

ಹಾಗಾದರೆ ಮಾತ್ರೆ ನಂಬಿದರೆ ದೇವರನ್ನು ನಂಬಿದ ಹಾಗಲ್ಲ ಅನ್ನುವ ಮಾತು ಎಲ್ಲಿಂದ ಬಂತು? ಮೊದಲ ಸಭೆಗಳನ್ನು ಕಟ್ಟಿದ ಅಪೊಸ್ತಲ ಪೌಲನಿಗೆ ಅದು ಗೊತ್ತಿರಲಿಲ್ಲ. ಅವನ ಜೊತೆಗಾರ ಲೂಕ ವೈದ್ಯ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಪೌಲನೇ ಬರೆದ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಪಟ್ಟಣದಲ್ಲಿ ಬಿಟ್ಟು ಬಂದೆ ಅಂತಲೂ ಬರೆದ. ಯಾರ ನಂಬಿಕೆ ಸಾಲದೆ ತ್ರೊಫಿಮನಿಗೆ ಹಾಗಾಯಿತು? ಪೌಲ ಅಂಥ ಮಾತನ್ನೇ ಎತ್ತುವುದಿಲ್ಲ. ಹುಟ್ಟು ಕುರುಡನನ್ನು ತೋರಿಸಿ ಇವನ ಪಾಪವಾ, ಅಪ್ಪ ಅಮ್ಮನ ಪಾಪವಾ ಅಂತ ಶಿಷ್ಯರು ಕೇಳಿದಾಗ ಎರಡೂ ಅಲ್ಲ ಅಂದರು ಯೇಸು. ಹಿಜ್ಕೀಯ ರಾಜನ ವಿಷಯದಲ್ಲಿ ಪ್ರಾರ್ಥನೆಯೂ ಇದೆ, ಹುಣ್ಣಿಗೆ ಅಂಜೂರದ ಪಟ್ಟು ಹಾಕಿದ್ದೂ ಇದೆ. ಎರಡೂ ಒಂದೇ ಅಧ್ಯಾಯದಲ್ಲಿವೆ.

ಕಾಯಿಲೆ ವಾಸಿಯಾಯಿತು ಅಂತ ಬಾಯಲ್ಲಿ ಹೇಳಿಬಿಟ್ಟರೆ ಸಾಕು, ವಾಸಿಯಾಗದಿದ್ದರೆ ನಿನ್ನ ನಂಬಿಕೆಯದೇ ತಪ್ಪು ಅನ್ನುವ ಬೋಧನೆ ಬೆಳೆದದ್ದು ಅಮೆರಿಕದಲ್ಲಿ, 20ನೇ ಶತಮಾನದಲ್ಲಿ. ಇ. ಡಬ್ಲ್ಯು. ಕೆನ್ಯನ್, ಆಮೇಲೆ ಕೆನ್ನೆತ್ ಹೇಗಿನ್ ಅನ್ನುವ ಬೋಧಕರು ಅದನ್ನು ಹರಡಿದರು. ಟಿವಿಯಿಂದ, ದೊಡ್ಡ ದೊಡ್ಡ ಕೂಟಗಳಿಂದ, ಈಗ ಮೊಬೈಲಿನಿಂದ ಅದು ಮಂಡ್ಯದ ಬಾಡಿಗೆ ಹಾಲಿನವರೆಗೂ ಬಂದಿದೆ. ನಿಮ್ಮ ಪಾಸ್ಟರ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಓದಲು ಅವಕಾಶ ಸಿಗದೆ, ಕೇಳಿದ ಪ್ರಸಂಗಗಳನ್ನೇ ಪಾಠ ಅಂದುಕೊಂಡು, ಮನಸಾರೆ ದುಡಿಯುವ ಎಷ್ಟೋ ಪಾಸ್ಟರ್‌ಗಳು ನನಗೆ ಗೊತ್ತು. ಹಾಗೆಯೇ, ಮಾತ್ರೆ ತಪ್ಪಿಸಬೇಡಮ್ಮ, ನುಂಗಿಕೊಂಡೇ ಪ್ರಾರ್ಥನೆಗೆ ಬಾ ಅನ್ನುವ ಪಾಸ್ಟರ್‌ಗಳೂ, ಪವಿತ್ರಾತ್ಮದ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತ ಪಂಗಡದಲ್ಲೇ ಬೇಕಾದಷ್ಟು ಜನ ಇದ್ದಾರೆ.

ಮೈಸೂರು ಸೀಮೆಗೆ ಸುವಾರ್ತೆ ತಂದ ಹಳಬರನ್ನೇ ನೋಡಿ. ನೀವು ಎದೆಯಿಂದ ನಂಬಬೇಕು, ನಿಮ್ಮ ಬಾಳು ಬದಲಾಗಬೇಕು ಅಂತ ಊರೂರು ಸುತ್ತಿ ಹೇಳಿದ ಜಾನ್ ವೆಸ್ಲಿ 18ನೇ ಶತಮಾನದ ಇಂಗ್ಲೆಂಡಿನವರು. ಇವತ್ತು ಇವ್ಯಾಂಜೆಲಿಕಲ್ ಅಂತ ಕರೆಯುವ ಇಡೀ ಪಂಗಡದ ಬೇರಿನಲ್ಲಿ ಅವರಿದ್ದಾರೆ. ಅವರು 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಉಚಿತ ಔಷಧಾಲಯ ತೆರೆದರು. ಮರುವರ್ಷ ಬಡವರಿಗಾಗಿ ಮನೆಮದ್ದಿನ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅವರ ಹೆಸರಿನ ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ಕಟ್ಟಿದರು. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅದು, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅದಕ್ಕೂ ನೂರು ವರ್ಷ ಮೊದಲು, ಶ್ರೀರಂಗಪಟ್ಟಣದ ಕಡೆ ಇದ್ದ ಕಥೋಲಿಕ ಪಾದ್ರಿ ದುಬಾಯ್ ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಿ ಅಂತ ಜನರನ್ನು ಒಪ್ಪಿಸುತ್ತಿದ್ದರು. ಇವರೆಲ್ಲ ಪ್ರಾರ್ಥನೆ ಬಲ್ಲವರು. ಮಾತ್ರೆಗೂ ದೇವರಿಗೂ ಜಗಳ ಇದೆ ಅನ್ನುವುದು ಇವರಿಗೆ ಹೊಳೆದೇ ಇರಲಿಲ್ಲ.

ದಶಮಾಂಶಕ್ಕೆ ಬರೋಣ. ದಶಮಾಂಶವನ್ನು ಪೂರ್ತಿ ತನ್ನಿ ಅನ್ನುವ ಮಲಾಕಿಯ 3:10 ನಿಮಗೆ ಬಾಯಿಪಾಠ ಇರುತ್ತದೆ, ಪ್ರತಿ ವಾರ ಕೇಳಿರುತ್ತೀರಿ. ಧರ್ಮೋಪದೇಶಕಾಂಡ 14 ಕೇಳಿದ್ದೀರಾ? ಅಲ್ಲಿ ದಶಮಾಂಶ ಅಂದರೆ ಬೆಳೆಯ, ದನಕರುಗಳ ಪಾಲು. ಅದನ್ನು ತೆಗೆದುಕೊಂಡು ಹೋಗಿ ದೇವರ ಸನ್ನಿಧಿಯಲ್ಲಿ ಮನೆಯವರೆಲ್ಲ ಕೂತು ಸಂತೋಷವಾಗಿ ಊಟ ಮಾಡಬೇಕು. ಮೂರು ವರ್ಷಕ್ಕೊಮ್ಮೆ ಅದು ದೇವರ ಸೇವೆ ಮಾಡುವ ಲೇವಿಯರಿಗೆ, ಪರದೇಶದವರಿಗೆ, ತಬ್ಬಲಿಗಳಿಗೆ, ವಿಧವೆಯರಿಗೆ ಹೋಗಬೇಕು. ವಿಧವೆಗೆ, ತಂಗಿ. ನಿಮ್ಮ ಅಮ್ಮ ವಿಧವೆ ಅಲ್ವಾ?

ಯೇಸು ಇನ್ನೂ ನೇರವಾಗಿ ಹೇಳಿದ್ದಾರೆ. ಮಾರ್ಕ 7ರಲ್ಲಿ ಕೆಲವರು ಅಪ್ಪ ಅಮ್ಮನಿಗೆ ಕೊಡಬೇಕಾದ ದುಡ್ಡನ್ನು ಇದು ದೇವರಿಗೆ ಮುಡಿಪು ಅಂತ ತೆಗೆದಿಡುತ್ತಿದ್ದರು. ನಿಮ್ಮ ಸಂಪ್ರದಾಯಕ್ಕಾಗಿ ದೇವರ ಆಜ್ಞೆಯನ್ನೇ ಮುರಿಯುತ್ತಿದ್ದೀರಿ ಅಂದರು ಯೇಸು. ಅಮ್ಮನಿಗೆ ಕಳಿಸುತ್ತಿದ್ದ ದುಡ್ಡು ದಶಮಾಂಶದಿಂದ ನಿಂತಿದೆ ಅನ್ನುವ ನಿಮ್ಮ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ಈ ವಾಕ್ಯ. ಹೊಸ ಒಡಂಬಡಿಕೆಯಲ್ಲಿ ಪೌಲ ಕಾಣಿಕೆ ಎತ್ತಿದ್ದೂ ಉಂಟು. ಆಗಲೂ ಬಲವಂತಕ್ಕೆ ಬೇಡ, ದುಃಖಪಟ್ಟು ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ ಅಂದ. ಕೊಟ್ಟರೆ ನೂರರಷ್ಟು ವಾಪಸ್ ಬರುತ್ತದೆ, ಇದು ಬಿತ್ತನೆ ಕಾಣಿಕೆ ಅಂತ ಯಾರಾದರೂ ಹೇಳಿದರೆ ಅದೂ ಅಮೆರಿಕದ ಅದೇ ಬೋಧನೆ. ಲೋಕದ ಇವ್ಯಾಂಜೆಲಿಕಲ್ ನಾಯಕರೇ 2010ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದಾಗ ಈ ಸಮೃದ್ಧಿಯ ಸುವಾರ್ತೆಯನ್ನು ಬೇಡ ಅಂತ ಬರೆದಿಟ್ಟರು. ಕೊಡುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಸಭೆ ನಿಮಗೆ ಆಗಿದೆ, ಸಭೆಗೆ ಕೊಡಿ. ಆದರೆ ಮೊದಲು ಮಗಳ ಔಷಧಿ, ಅಮ್ಮನ ಖರ್ಚು, ಮನೆಯ ಸಾಲ. ಮಿಕ್ಕಿದ್ದರಲ್ಲಿ ಖುಷಿಯಿಂದ ಎಷ್ಟಾಗುತ್ತದೋ ಅಷ್ಟು.

ಹೂವು, ಬಳೆ. ಇದು ಸಣ್ಣ ವಿಷಯ ಅಂತ ಅನೇಕರು ತಳ್ಳಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಡೆ ಹೆಣ್ಣಿನ ಬರಿಗೈ, ಬರಿ ತಲೆ, ಬರಿ ಕಿವಿ ನೋಡಿದರೆ ಜನರಿಗೆ ಏನು ಅರ್ಥವಾಗುತ್ತದೆ? ಗಂಡ ಸತ್ತವಳು ಅಂತ. ನಿಮ್ಮ ಅಮ್ಮನ ಕೈಯಿಂದ ಬಳೆ ತೆಗೆಸಿದ ದಿನ ಅವರಿಗೆ ಇವತ್ತಿಗೂ ನೆನಪಿದ್ದೇ ಇರುತ್ತದೆ. ಗಂಡ ಬದುಕಿರುವ ಮಗಳು ತಾನಾಗಿಯೇ ಹಾಗೆ ಬಂದು ಬಾಗಿಲಲ್ಲಿ ನಿಂತರೆ ಆ ಜೀವಕ್ಕೆ ಎಷ್ಟು ನೋವಾಗಬೇಡ. ಅದರಲ್ಲಿ ಧರ್ಮದ್ವೇಷ ಏನೂ ಇಲ್ಲ. ತಾಯಿಯ ಸಂಕಟ ಅದು.

ಆಭರಣ ಬಿಡುವ ಕಟ್ಟಳೆ 19ನೇ ಶತಮಾನದ ಅಮೆರಿಕದಲ್ಲಿ, ಪರಿಶುದ್ಧ ಬಾಳಿಗೆ ಒತ್ತು ಕೊಡುವ ಹೋಲಿನೆಸ್ ಸಭೆಗಳಲ್ಲಿ ಬಲವಾಗಿತ್ತು. ಕೇರಳದ ಪೆಂತೆಕೊಸ್ತ ಸಭೆಗಳು ಅದನ್ನು ಗಟ್ಟಿಯಾಗಿ ಹಿಡಿದವು. ಅಲ್ಲಿ ಅದಕ್ಕೊಂದು ಅರ್ಥವೂ ಇತ್ತು. ಮೈತುಂಬ ಚಿನ್ನ ಹೇರಿಕೊಳ್ಳುವವರ ನಡುವೆ, ಬಡವರ ಸರಿಸಮ ನಿಲ್ಲುತ್ತೇವೆ ಅನ್ನುವ ಮಾತಾಗಿತ್ತು ಅದು. ದಿನಕ್ಕೆ ಒಂದು ಮೊಳ ಮಲ್ಲಿಗೆ ಕೊಳ್ಳಲೂ ಲೆಕ್ಕ ಹಾಕುವ ಗಾರ್ಮೆಂಟ್ಸ್ ಹೆಣ್ಣುಮಗಳ ಮೇಲೆ ಅದೇ ಕಟ್ಟಳೆ ಹೇರಿದರೆ ಯಾವ ಆಡಂಬರ ಇಳಿದ ಹಾಗಾಯಿತು? ವಾಕ್ಯ ಬೇಕು ಅಂದರೆ 1 ಪೇತ್ರ 3:3 ತೋರಿಸುತ್ತಾರೆ. ಆ ಸಾಲಿನಲ್ಲಿ ಜಡೆ, ಚಿನ್ನ, ಬಟ್ಟೆ ಮೂರೂ ಒಟ್ಟಿಗೆ ಬರುತ್ತವೆ. ಜಡೆ ಹಾಕಬೇಡಿ, ಬಟ್ಟೆ ಉಡಬೇಡಿ ಅಂತ ಯಾರೂ ಹೇಳುವುದಿಲ್ಲವಲ್ಲ. ಪೇತ್ರ ಹೇಳುವುದು, ನಿನ್ನ ಚೆಲುವು ಇವುಗಳಲ್ಲೇ ಇದೆ ಅಂದುಕೊಳ್ಳಬೇಡ ಅಂತ. ಅಬ್ರಹಾಮನ ಮನೆಗೆ ಸೊಸೆಯಾಗಿ ಬಂದ ರೆಬೆಕ್ಕಳಿಗೆ ಮೊದಲು ಸಿಕ್ಕಿದ್ದೇ ಮೂಗುತಿ ಮತ್ತು ಬಳೆ. ಮೈಸೂರಿನ ಹಳೆಯ ಕನ್ನಡ ಸಭೆಗಳಲ್ಲಿ ಮದುಮಗಳು ಮಲ್ಲಿಗೆ ಮುಡಿದೇ ನಿಲ್ಲುತ್ತಾಳೆ, ತಾಳಿಯನ್ನೂ ಕಟ್ಟಿಸಿಕೊಳ್ಳುತ್ತಾಳೆ. ಕುಂಕುಮದ ವಿಷಯದಲ್ಲಿ ಕ್ರೈಸ್ತರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ, ಅದನ್ನು ನಿಮ್ಮ ಮನಸ್ಸಿಗೆ ಬಿಡುತ್ತೇನೆ. ಬಳೆ, ಹೂವು ಬೇಕು ಅನ್ನಿಸಿದರೆ ಧಾರಾಳವಾಗಿ ಹಾಕಿಕೊಳ್ಳಿ.

ಎಡೆಯ ವಿಷಯ ಇಷ್ಟು ಸಲೀಸಲ್ಲ. ಇಲ್ಲಿ ನಿಮಗೆ ನಿಜವನ್ನೇ ಹೇಳಬೇಕು. ಕೊರಿಂಥದ ಸಭೆಯಲ್ಲಿ ಇದೇ ಜಗಳ ಇತ್ತು. ಪೌಲ ಎರಡು ಮಾತು ಹೇಳುತ್ತಾನೆ. ಬೇರೆ ದೇವರ ಪೂಜೆಯ ಪಂಕ್ತಿಯಲ್ಲಿ ಪಾಲುಗಾರರಾಗಬೇಡಿ ಅನ್ನುತ್ತಾನೆ. ಅದೇ ಅಧ್ಯಾಯದಲ್ಲಿ, ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನಿ ಅಂತಲೂ ಅನ್ನುತ್ತಾನೆ. ಇದು ನೈವೇದ್ಯಕ್ಕಿಟ್ಟದ್ದು ಅಂತ ಯಾರಾದರೂ ಎತ್ತಿ ಹೇಳಿದರೆ ಮಾತ್ರ, ಹಾಗೆ ಹೇಳಿದವನ ಮನಸ್ಸಿಗಾಗಿ ಬಿಡಿ ಅನ್ನುತ್ತಾನೆ. ನಾಮಾನ ಅನ್ನುವ ಸೇನಾಪತಿಯ ಕಥೆಯೂ ಇದೆ. ಇಸ್ರಾಯೇಲರ ದೇವರನ್ನು ನಂಬಿದ ಮೇಲೂ, ನನ್ನ ರಾಜ ರಿಮ್ಮೋನನ ಗುಡಿಗೆ ಹೋಗುವಾಗ ನಾನೂ ಜೊತೆಯಲ್ಲಿ ಬಗ್ಗಬೇಕಾಗುತ್ತದೆ, ಕ್ಷಮಿಸಿ ಅಂತ ಅವನು ಕೇಳಿಕೊಂಡ. ಎಲೀಷ ಪ್ರವಾದಿ ಬೈಯಲಿಲ್ಲ. ಸಮಾಧಾನದಿಂದ ಹೋಗು ಅಂದ.

ನನ್ನ ಸಲಹೆ ಇದು. ಎಡೆ ಇಡುವ, ಕೈಮುಗಿಯುವ ಕೆಲಸಕ್ಕೆ ನಿಮ್ಮ ಮನಸ್ಸು ಒಪ್ಪದಿದ್ದರೆ ಅದರಲ್ಲಿ ಸೇರಬೇಡಿ. ಅಮ್ಮನಿಗೆ ಮೊದಲೇ ಮೆಲ್ಲಗೆ ಹೇಳಿ. ಆದರೆ ಹಿಂದಿನ ದಿನವೇ ಹೋಗಿ. ಅಡುಗೆಗೆ ಕೈ ಹಾಕಿ. ಅಪ್ಪನ ಬಗ್ಗೆ ಮಾತಾಡಿ. ಎಡೆಗೆ ಇಡುವ ಮೊದಲು ನಿಮ್ಮ ಪಾಲು ತೆಗೆದಿಡಲು ಅಮ್ಮನನ್ನೇ ಕೇಳಿ. ಎಷ್ಟೋ ಮನೆಗಳಲ್ಲಿ ತಾಯಂದಿರು ಇದಕ್ಕೆ ಒಪ್ಪಿದ್ದನ್ನು ಕಂಡಿದ್ದೇನೆ. ಅವರಿಗೆ ಬೇಕಾಗಿರುವುದು ಮಗಳು ಪಕ್ಕ ಕೂತು ಉಣ್ಣುವುದು. ಇದರಲ್ಲೂ ತೊಡಕು ಇಲ್ಲ ಅನ್ನಲಾರೆ. ಅಣ್ಣತಮ್ಮಂದಿರಿಗೆ ಇದು ಅವಮಾನ ಅನ್ನಿಸಬಹುದು, ಸಭೆಯಲ್ಲಿ ಸುದ್ದಿಯಾಗಬಹುದು. ಎರಡನ್ನೂ ಮೊದಲೇ ಎಣಿಸಿಟ್ಟುಕೊಳ್ಳಿ. ಅಲ್ಲಿ ಇದ್ದೂ ಬಾಯಿಗೆ ಅನ್ನ ಹಾಕದೆ ಎದ್ದು ಬರುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಅದರಿಂದ ಯೇಸುವಿಗೆ ಒಳ್ಳೆಯ ಹೆಸರು ಬರುವುದಿಲ್ಲ.

ಬರೋಣದ ಭಯಕ್ಕೆ ಜಾಸ್ತಿ ಹೊತ್ತು ಬೇಡ. ಯೇಸು ಮತ್ತೆ ಬರುತ್ತಾರೆ ಅನ್ನುವುದು ಎಲ್ಲ ಸಭೆಗಳ ನಂಬಿಕೆ. ಇದ್ದಕ್ಕಿದ್ದ ಹಾಗೆ ಕೆಲವರನ್ನು ಗುಟ್ಟಾಗಿ ಎತ್ತಿಕೊಂಡು, ಉಳಿದವರನ್ನು ಇಲ್ಲೇ ಸಂಕಟಕ್ಕೆ ಬಿಡುತ್ತಾರೆ ಅನ್ನುವ ವಿವರ ಮಾತ್ರ ಹೊಸದು. 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಅನ್ನುವವರು ಅದನ್ನು ಬೋಧಿಸಿದರು. 1909ರಲ್ಲಿ ಅಮೆರಿಕದಲ್ಲಿ ಬಂದ, ಟಿಪ್ಪಣಿಗಳಿದ್ದ ಒಂದು ಬೈಬಲ್ ಅದನ್ನು ಮನೆಮನೆಗೂ ಮುಟ್ಟಿಸಿತು. ಅದಕ್ಕೂ ಮೊದಲಿನ ಕ್ರೈಸ್ತರು ಆ ಭಯದಲ್ಲಿ ಮಲಗುತ್ತಿರಲಿಲ್ಲ. ತಾರೀಖು ಕೊಟ್ಟವರೂ ಬಂದು ಹೋದರು, 1844ಕ್ಕೊಮ್ಮೆ, 2011ಕ್ಕೊಮ್ಮೆ. ಆ ದಿನ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಯೇಸು ಹೇಳಿದ್ದು ಸಾಕು.

ಅಭಿಷಿಕ್ತರನ್ನು ಮುಟ್ಟಬೇಡಿ ಅನ್ನುವುದು 105ನೇ ಕೀರ್ತನೆಯ ಮಾತು. ನೆಲೆ ಇಲ್ಲದೆ ಊರೂರು ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ತೊಂದರೆ ಕೊಡಬೇಡಿ ಅಂತ ರಾಜರಿಗೆ ಕೊಟ್ಟ ಎಚ್ಚರಿಕೆ ಅದು. ಬಲ ಇಲ್ಲದವರನ್ನು ಕಾಯಲು ಬಂದ ವಾಕ್ಯವನ್ನು, ಪ್ರಶ್ನೆ ಕೇಳುವ ತಾಯಿಯ ಬಾಯಿ ಮುಚ್ಚಿಸಲು ಬಳಸಬಾರದು. ಬೆರೋಯ ಪಟ್ಟಣದ ಜನ ಪೌಲನ ಬೋಧನೆಯನ್ನೇ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡಿದರು. ಅಪೊಸ್ತಲರ ಕೃತ್ಯಗಳು ಅದಕ್ಕಾಗಿ ಅವರನ್ನು ಹೊಗಳುತ್ತದೆ. ಅವರಿಗೆ ಶಾಪ ತಟ್ಟಲಿಲ್ಲ. 1 ಯೋಹಾನ 2ರ ಪ್ರಕಾರ ಅಭಿಷೇಕ ನಂಬಿದ ಎಲ್ಲರಿಗೂ ಇದೆ. ನಿಮಗೂ ಇದೆ.

ಈಗ ಏನು ಮಾಡಬಹುದು? ನಿಮ್ಮ ಸಭೆಯನ್ನು ನೀವು ಸುಮ್ನೆ ಬಿಟ್ಟುಬಿಡಲಾರಿರಿ, ನನಗೆ ಗೊತ್ತಾಗುತ್ತದೆ. ಯಜಮಾನರು ಕುಡಿಯದೆ ನಿಂತಿರುವುದು ಆ ಗೆಳೆಯರ ನಡುವೆ. ಅದು ದೊಡ್ಡ ವರ. ಅದನ್ನು ಹಗುರ ಮಾಡುವ ಯಾವ ಸಲಹೆಯೂ ನಿಮಗೆ ಒಳ್ಳೆಯದಲ್ಲ.

ಅಲ್ಲೇ ಉಳಿಯುವುದಾದರೆ ಮಾತ್ರೆಯ ಗುಟ್ಟು ಮುರಿಯಬೇಕು. ಮಾತ್ರೆ ಡಾಕ್ಟರ್ ಹೇಳಿದ ಹಾಗೆ ಕೊಡುತ್ತೇವೆ, ಜೊತೆಗೆ ಪ್ರಾರ್ಥನೆಯೂ ಬೇಕು ಅಂತ ಗಂಡ ಹೆಂಡತಿ ಇಬ್ಬರೂ ಹೋಗಿ ಪಾಸ್ಟರ್‌ಗೆ ಹೇಳಬೇಕು. ನಿಮ್ಮನ್ನು ಬಲಹೀನರು ಅನ್ನಬಹುದು, ಪೀಠದಿಂದಲೇ ಒಂದು ಮಾತು ಬರಬಹುದು. ಅಷ್ಟನ್ನು ತಡೆದುಕೊಳ್ಳಬಹುದು. ಆದರೆ ಮತ್ತೊಮ್ಮೆ ಮಗುವಿನ ಮಾತ್ರೆ ನಿಲ್ಲಿಸಿ ಅಂದರೆ ಆ ದಿನವೇ ಹೊರಟುಬಿಡಿ. ಅಲ್ಲಿ ಇನ್ನು ಮಾತುಕತೆ ಇಲ್ಲ.

ಬೇರೆ ಸಭೆ ಹುಡುಕುವುದಾದರೆ ಮಂಡ್ಯದಲ್ಲೂ ಮೈಸೂರಿನಲ್ಲೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಇದೆ, ಕಥೋಲಿಕ ಚರ್ಚುಗಳಿವೆ, ಬೇರೆ ಪೆಂತೆಕೊಸ್ತ ಸಭೆಗಳೂ ಇವೆ. ಬೋರ್ಡು ನೋಡಿ ತೀರ್ಮಾನ ಮಾಡಬೇಡಿ. ಕಾಣಿಕೆಯ ಲೆಕ್ಕವನ್ನು ಸಭೆಯ ಮುಂದೆ ಓದುತ್ತಾರಾ? ಪಾಸ್ಟರನ್ನು ಕೇಳುವ ಕಮಿಟಿ ಇದೆಯಾ? ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ನುಂಗುವವರು ಅಲ್ಲಿ ಮುಚ್ಚುಮರೆ ಇಲ್ಲದೆ ಇದ್ದಾರಾ? ಇಷ್ಟು ನೋಡಿ. ಹಳೆಯ ಸಭೆಗಳಲ್ಲಿ ಆ ಬೆಚ್ಚಗಿನ ಒಡನಾಟ ತಕ್ಷಣ ಸಿಗದಿರಬಹುದು. ಯಾರೂ ಮಾತಾಡಿಸದೆ ನಾಲ್ಕು ಭಾನುವಾರ ಕಳೆದರೆ ಬೇಸರವಾಗುತ್ತದೆ. ಯಜಮಾನರಿಗೆ ಅದು ಹೆಚ್ಚಿನ ಕಷ್ಟ. ಹಾಗಾಗಿ ಸಭೆ ಬದಲಿಸುವ ಮೊದಲೇ ಕುಡಿತ ಬಿಟ್ಟವರ ಇನ್ನೊಂದು ಗುಂಪಿನ ಪರಿಚಯ ಮಾಡಿಕೊಂಡಿರಲಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಿಗೆ ದುಡ್ಡು ಕೊಡಬೇಕಿಲ್ಲ, ಯಾವ ಜಾತಿ ಧರ್ಮ ಅಂತಲೂ ಕೇಳುವುದಿಲ್ಲ.

ಸ್ವಲ್ಪ ದಿನ ಯಾವ ಸಭೆಗೂ ಹೋಗದೆ ಮನೆಯಲ್ಲೇ ಮಾರ್ಕನ ಸುವಾರ್ತೆ ಓದಿಕೊಂಡು ಇರಬಹುದು. ಕೆಲವರಿಗೆ ಅದರಿಂದ ಉಸಿರು ಬಂದಿದೆ. ನಿಮ್ಮ ಮನೆಯಲ್ಲಿ ಒಬ್ಬರು ಹೋಗಿ ಒಬ್ಬರು ಉಳಿದರೆ ನಡುವೆ ಬಿರುಕು ಬರಬಹುದು ಅನ್ನುವುದೊಂದೇ ನನಗೆ ಅಳುಕು.

ಯಾವ ದಾರಿಯಾದರೂ ಮೊದಲ ಹೆಜ್ಜೆ ಯಜಮಾನರ ಜೊತೆಗೆ. ಪಾಸ್ಟರ್ ತಪ್ಪು ಅಂತ ಶುರು ಮಾಡಬೇಡಿ, ಅವರು ಪಾಸ್ಟರ ಪರ ನಿಲ್ಲಬೇಕಾಗುತ್ತದೆ. ಮತ್ತಾಯ 4:24, ಮಾರ್ಕ 9, ಇವೆರಡನ್ನು ಇಬ್ಬರೂ ಕೂತು ಓದಿ. ಆಮೇಲೆ ಮುಂದಿನ ಸಲ ಮಗಳನ್ನು ತೋರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅವರ ಅನುಮಾನಗಳನ್ನು ಅವರೇ ಡಾಕ್ಟರ್‌ಗೆ ಕೇಳಲಿ. ಎಷ್ಟು ವರ್ಷ ಕೊಡಬೇಕು, ಯಾವಾಗ ಕಡಿಮೆ ಮಾಡಬಹುದು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಮಧ್ಯೆ ನಾಲ್ಕು ದಿನ ಮಾತ್ರೆ ನಿಂತಿತ್ತು ಅನ್ನುವುದನ್ನು ಮುಚ್ಚಿಡದೆ ಹೇಳಿ. ಡಾಕ್ಟರ್ ಬೈದರೂ ಪರವಾಗಿಲ್ಲ, ಪ್ರಮಾಣ ಸರಿ ಮಾಡಲು ಅವರಿಗೆ ಅದು ಗೊತ್ತಿರಬೇಕು. ಮನೆಯಲ್ಲಿ ಮಾತ್ರೆ ಮುಗಿಯುವವರೆಗೆ ಕಾಯಬೇಡಿ, ಒಂದು ವಾರದ್ದು ಉಳಿದಿರುವಾಗಲೇ ಮುಂದಿನದನ್ನು ತಂದಿಟ್ಟುಕೊಳ್ಳಿ.